ಪ್ರತಿ ಮಾಡಿದ್ದು ಉಳಿಯಿತು – ಕುಟುಂಬದ ಭಾವಚಿತ್ರಗಳ ಚರಿತ್ರೆ

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಓಲೆಗರಿಯನ್ನು ಹುಳು ತಿನ್ನುತ್ತದೆ, ತೇವ ಕೆಡಿಸುತ್ತದೆ, ಬೆಂಕಿ ಸುಡುತ್ತದೆ. ಗ್ರಂಥವೊಂದು ಉಳಿಯಬೇಕಾದರೆ ಅದು ಹಲವು ಕಡೆ ಇರಬೇಕು. ಸಾವಿರ ವರ್ಷಗಳ ಬಳಿಕ ಅದೇ ಪ್ರಶ್ನೆ ನಮ್ಮ ಮೊಬೈಲುಗಳೊಳಗೆ ಬಂದು ಕುಳಿತಿದೆ. ಮಗುವಿನ ನಾಮಕರಣ, ಅಜ್ಜಿಯ ಕೊನೆಯ ದೀಪಾವಳಿ, ಮಾರಿಹೋದ ಊರಿನ ಮನೆ – ಇವುಗಳ ಚಿತ್ರಗಳು ನಮ್ಮ ಮೊಮ್ಮಕ್ಕಳಿಗೆ ದೊರೆಯುವುವೇ? ಭಾವಚಿತ್ರಗಳು ಇದುವರೆಗೆ ಹೇಗೆ ಉಳಿದುಬಂದವು, ಹೇಗೆ ಅಳಿದುಹೋದವು ಎಂಬ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ದಾಗೇರನ ವಿಧಾನದಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ಫಲಕದ ಮೇಲೆ ಚಿತ್ರ ಮೂಡುತ್ತಿತ್ತು. ಚಿತ್ರ ಅತಿ ಸ್ಪಷ್ಟ. ಆದರೆ ಅದು ಒಂದೇ ಒಂದು. ಫಲಕ ಹಾಳಾದರೆ ಚಿತ್ರವೂ ಹೋಯಿತು. ಇದೇ ಕಾಲದಲ್ಲಿ, ನಾವಿಂದು ನೆಲೆಸಿರುವ ಈ ಬ್ರಿಟನ್ನಿನ ವಿಲ್ಟ್‌ಷೈರ್ ಪ್ರಾಂತದ ಲೇಕಾಕ್ ಗ್ರಾಮದಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ಬೇರೊಂದು ದಾರಿ ಹಿಡಿದಿದ್ದ. 1835ರಲ್ಲಿ ತನ್ನ ಮನೆಯ ಕಿಟಕಿಯೊಂದನ್ನು ಆತ ಕಾಗದದ ನೆಗೆಟಿವಿನಲ್ಲಿ ಸೆರೆಹಿಡಿದ. ಒಂದು ನೆಗೆಟಿವಿನಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯಬಹುದಾಗಿತ್ತು. ಮುಂದಿನ ನೂರೈವತ್ತು ವರ್ಷ ಜಗತ್ತು ನಡೆದದ್ದು ಬಹುಮಟ್ಟಿಗೆ ಟಾಲ್ಬಟ್ಟನ ದಾರಿಯಲ್ಲೇ.

ಈ ದಾರಿ ನಮ್ಮ ನಾಡಿಗೂ ಬೇಗನೆ ತಲುಪಿತು. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಕಾಗದದ ನೆಗೆಟಿವುಗಳಲ್ಲಿ ಚಿತ್ರಿಸಿದ. ಮರುವರ್ಷ ಥಾಮಸ್ ಬಿಗ್ಸ್ ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಅದೇ ಕೆಲಸ ಮಾಡಿದ. ಇವರ ಚಿತ್ರಗಳ ಪ್ರತಿಗಳು ಇಂದಿಗೂ ಲಂಡನ್ನಿನ ಸಂಗ್ರಹಗಳಲ್ಲಿವೆ. ಅವು ಉಳಿದದ್ದಕ್ಕೆ ಎರಡು ಕಾರಣ: ಒಂದಕ್ಕಿಂತ ಹೆಚ್ಚು ಪ್ರತಿಗಳಿದ್ದವು; ಯಾವ ಊರು, ಯಾವ ಗುಡಿ ಎಂಬ ಬರಹ ಚಿತ್ರದೊಡನೆ ಇತ್ತು.

ನಮ್ಮ ಮನೆಗಳ ಭಾವಚಿತ್ರಗಳೂ ಹಾಗೆಯೇ ಬಾಳಿದವು. ಮದುವೆಯಾದ ದಂಪತಿ ಪೇಟೆಯ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡ ಒಂದು ಚಿತ್ರದ ಪ್ರತಿ ತವರುಮನೆಗೊಂದು, ಗಂಡನ ಮನೆಗೊಂದು ಹೋಗುತ್ತಿತ್ತು. ಹಿಂಬದಿಯಲ್ಲಿ ಯಾರೋ ಹೆಸರು, ಇಸವಿ ಬರೆದಿಡುತ್ತಿದ್ದರು. ಐವತ್ತು ವರ್ಷ ಟ್ರಂಕಿನ ತಳದಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದ ಚಿತ್ರವನ್ನು ಹೊರತೆಗೆದರೆ ಮುಖಗಳು ಇನ್ನೂ ಕಾಣುತ್ತವೆ. ಕಾಗದದ ಚಿತ್ರಕ್ಕೆ ಮರೆವನ್ನು ತಾಳಿಕೊಳ್ಳುವ ಶಕ್ತಿಯಿತ್ತು.

ಡಿಜಿಟಲ್ ಚಿತ್ರಕ್ಕೆ ಈ ಶಕ್ತಿಯಿಲ್ಲ. ವಿಶೇಷವೆಂದರೆ ಅದರ ಚರಿತ್ರೆ ಆರಂಭವಾದದ್ದೇ ಒಂದು ಕುಟುಂಬದ ಚಿತ್ರದಿಂದ. 1957ರಲ್ಲಿ ಅಮೆರಿಕದ ವಿಜ್ಞಾನಿ ರಸೆಲ್ ಕರ್ಶ್ ಮೂರು ತಿಂಗಳ ತನ್ನ ಮಗನ ಫೋಟೋವನ್ನು ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ಸೇರಿಸಿದರು. ಉದ್ದಕ್ಕೆ 176, ಅಗಲಕ್ಕೆ 176 ಚುಕ್ಕೆಗಳ ಆ ಚಿತ್ರವೇ ಮೊದಲ ಡಿಜಿಟಲ್ ಚಿತ್ರವೆಂದು ಹೆಸರಾಗಿದೆ. 1975ರಲ್ಲಿ ಕೊಡ್ಯಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನಲ್ಲಿ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಲ್ಲಿಂದಾಚೆಗೆ ಫ್ಲಾಪಿ, ಸಿಡಿ, ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಎಂದು ವಾಹಕಗಳು ಬದಲಾಗುತ್ತಲೇ ಬಂದಿವೆ. ಹಳೆಯ ವಾಹಕವನ್ನು ಓದುವ ಯಂತ್ರ ಮಾರುಕಟ್ಟೆಯಿಂದ ಮರೆಯಾದಾಗ ಅದರಲ್ಲಿರುವ ಚಿತ್ರ ಇದ್ದೂ ಇಲ್ಲದಂತಾಗುತ್ತದೆ.

ಇದಕ್ಕೆ ಅತ್ಯುತ್ತಮ ನಿದರ್ಶನ ಈ ದೇಶದಲ್ಲೇ ಇದೆ. 1086ರಲ್ಲಿ ಚರ್ಮದ ಹಾಳೆಗಳ ಮೇಲೆ ಬರೆದ ಡೂಮ್ಸ್‌ಡೇ ಗ್ರಂಥವು ಕ್ಯೂ ಪ್ರದೇಶದ ರಾಷ್ಟ್ರೀಯ ದಫ್ತರಖಾನೆಗೆ ಸೇರಿದ್ದು, ಲ್ಯಾಟಿನ್ ಬಲ್ಲವರು ಅದನ್ನು ಈಗಲೂ ಓದಬಲ್ಲರು. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಸಂಸ್ಥೆಯು ಶಾಲಾಮಕ್ಕಳೂ ಸೇರಿದಂತೆ ಲಕ್ಷಾಂತರ ಜನರಿಂದ ಬರಹ, ಚಿತ್ರಗಳನ್ನು ಕಲೆಹಾಕಿ ಲೇಸರ್ ಡಿಸ್ಕುಗಳಲ್ಲಿ ತುಂಬಿಸಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕುಗಳನ್ನು ಓದಬಲ್ಲ ಯಂತ್ರಗಳೇ ವಿರಳವಾಗಿ, ತಜ್ಞರು ಬಹಳ ಶ್ರಮಪಟ್ಟು ಮಾಹಿತಿಯನ್ನು ಹೊರತೆಗೆಯಬೇಕಾಯಿತು.

ಅಂತರ್ಜಾಲದ ಸೇವೆಗಳಿಗೆ ಒಪ್ಪಿಸಿಬಿಟ್ಟರೆ ಚಿಂತೆಯಿಲ್ಲವೆಂದು ತೋರಬಹುದು. ನಮ್ಮಲ್ಲಿ ಅನೇಕರು ಗೆಳೆಯರನ್ನು ಕಂಡುಕೊಂಡ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಚಿತ್ರಗಳನ್ನು ಹಿಂಪಡೆಯಲು ಅವಕಾಶ ಕೊಟ್ಟಿದ್ದರೂ ಅದು ಕೆಲವು ಕಾಲಕ್ಕೆ ಮಾತ್ರ. ಮೈಸ್ಪೇಸ್ ತಾಣದ ಸರ್ವರುಗಳನ್ನು ಬದಲಾಯಿಸುವಾಗ ಸದಸ್ಯರ ಹಳೆಯ ಚಿತ್ರ, ಹಾಡು, ವಿಡಿಯೋಗಳು ನಷ್ಟವಾದ ಸಂಗತಿ 2019ರಲ್ಲಿ ಬಯಲಾಯಿತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ತೀರಿಕೊಂಡ ಹಿರಿಯರ ಖಾತೆಗಳಿಗೆ ಈ ನಿಯಮ ಏನನ್ನು ತರಬಲ್ಲದೆಂಬುದನ್ನು ಪ್ರತಿಯೊಂದು ಕುಟುಂಬವೂ ಯೋಚಿಸಬೇಕು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಮೊದಲ ಪಾಠ ಅತ್ತಿಮಬ್ಬೆಯದೇ. ಇಂದಿನ ತಜ್ಞರು ಅದನ್ನು 3-2-1 ಸೂತ್ರವೆಂದು ಕರೆಯುತ್ತಾರೆ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ವಾಹಕಗಳಲ್ಲಿ, ಅವುಗಳಲ್ಲಿ ಒಂದು ಮನೆಯಿಂದ ದೂರದಲ್ಲಿ. ಮೊಬೈಲಿನಲ್ಲಿ ಒಂದು, ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು ಇದ್ದರೆ ಸೂತ್ರ ಪೂರ್ಣವಾಗುತ್ತದೆ. ಮೊಬೈಲು ಮತ್ತು ಕ್ಲೌಡುಗಳು ಪರಸ್ಪರ ಹೊಂದಿಕೊಂಡು ನಡೆಯುವಾಗ ಒಂದರಲ್ಲಿ ಅಳಿಸಿದ ಚಿತ್ರ ಇನ್ನೊಂದರಲ್ಲೂ ಅಳಿಯಬಹುದು. ಆದ್ದರಿಂದ ಬೇರೆಯಾದ ಹಾರ್ಡ್ ಡಿಸ್ಕ್ ಅಗತ್ಯ. ಅದರದೊಂದು ಪ್ರತಿ ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇದ್ದರೆ ಇನ್ನೂ ಲೇಸು. ಹಾರ್ಡ್ ಡಿಸ್ಕ್ ಕೆಟ್ಟ ಮೇಲೆ ಪರಿತಪಿಸುವ ಬದಲು ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ಪ್ರತಿಮಾಡಿಕೊಳ್ಳಬೇಕು.

ಎರಡನೆಯ ಪಾಠ ಟ್ರೈಪನ ಚಿತ್ರಗಳದು: ಹೆಸರಿಲ್ಲದ ಚಿತ್ರ ಅರ್ಧ ಅಳಿದಂತೆ. ಕ್ಯಾಮೆರಾ ದಿನಾಂಕವನ್ನು ತಾನೇ ದಾಖಲಿಸುತ್ತದೆ. ಆದರೆ ಎಡಗಡೆ ನಿಂತಿರುವವರು ಸೋದರತ್ತೆಯೋ ಚಿಕ್ಕಮ್ಮನೋ ಎಂಬುದು ಅದಕ್ಕೆ ತಿಳಿಯದು. ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಕಳಿಸಿದ ಚಿತ್ರವು ಗಾತ್ರದಲ್ಲಿ ಕುಗ್ಗುವುದಲ್ಲದೆ ದಿನಾಂಕ, ಸ್ಥಳಗಳ ಮಾಹಿತಿಯನ್ನೂ ಕಳೆದುಕೊಳ್ಳುತ್ತದೆ. ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲರೂಪ ಉಳಿಯುತ್ತದೆ. ಊರಿನ ಹಳೆಯ ಆಲ್ಬಮ್ಮುಗಳಲ್ಲಿರುವವರ ಗುರುತು ಹೇಳಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಭಾನುವಾರದ ವಿಡಿಯೋ ಕರೆಯಲ್ಲಿ ಐದೇ ಚಿತ್ರಗಳನ್ನು ತೋರಿಸಿ, ಅವರು ಹೇಳಿದ ಹೆಸರು, ಸಂಬಂಧ, ಊರುಗಳನ್ನು ಬರೆದಿಟ್ಟರೂ ಅದು ದೊಡ್ಡ ಕೆಲಸವೇ. ಹಾರ್ಡ್ ಡಿಸ್ಕನ್ನು ನಾಳೆ ಕೊಳ್ಳಬಹುದು. ಆ ನೆನಪನ್ನು ಕೊಳ್ಳಲಾಗದು.

ಮೂರನೆಯದು ಉತ್ತರಾಧಿಕಾರದ ಪ್ರಶ್ನೆ. ಟ್ರಂಕಿನ ಬೀಗದ ಕೈ ಮಕ್ಕಳಿಗೆ ತಾನಾಗಿ ಸಿಗುತ್ತಿತ್ತು. ಪಾಸ್‌ವರ್ಡ್ ಹಾಗೆ ಸಿಗುವುದಿಲ್ಲ. ನಮ್ಮ ಬಳಿಕ ಖಾತೆಯ ಚಿತ್ರಗಳನ್ನು ಯಾರು ಪಡೆಯಬೇಕೆಂದು ಮೊದಲೇ ಸೂಚಿಸುವ ವ್ಯವಸ್ಥೆ ಗೂಗಲ್‌ನಲ್ಲಿ 2013ರಿಂದಲೂ, ಆ್ಯಪಲ್‌ನಲ್ಲಿ 2021ರಿಂದಲೂ ಇದೆ. ಅದಕ್ಕೆ ಬೇಕಾಗುವುದು ಕೆಲವೇ ನಿಮಿಷಗಳು.

ನವರಾತ್ರಿಯಲ್ಲಿ ಪುಸ್ತಕಗಳನ್ನು ಹೊರತೆಗೆದು, ಧೂಳು ಕೊಡವಿ ಸರಸ್ವತೀಪೂಜೆಗೆ ಇಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿದೆ. ವರ್ಷಕ್ಕೊಮ್ಮೆ ಗ್ರಂಥವನ್ನು ಕೈಯಲ್ಲಿ ಹಿಡಿದವನಿಗೆ ಅದರ ಹುಳುಕು ಕಣ್ಣಿಗೆ ಬೀಳುತ್ತದೆ. ಈ ವರ್ಷದ ನವರಾತ್ರಿಯಲ್ಲಿ ಪುಸ್ತಕಗಳ ಪಕ್ಕದಲ್ಲಿ ಹಾರ್ಡ್ ಡಿಸ್ಕಿಗೂ ಒಂದು ಸ್ಥಳ ಕೊಡೋಣ. ಅದನ್ನು ತೆರೆದು ಚಿತ್ರಗಳು ಕಾಣುತ್ತಿವೆಯೇ ಎಂದು ನೋಡಿ, ವರ್ಷದ ಹೊಸ ಚಿತ್ರಗಳನ್ನು ಸೇರಿಸಿ, ಮಕ್ಕಳನ್ನು ಕೂರಿಸಿಕೊಂಡು ಹೆಸರುಗಳನ್ನು ಬರೆಯೋಣ.