ಗುಬ್ಬಿ ಸೀಮೆಯಲ್ಲಿ ಮಿಷನರಿಗಳು

ತುಮಕೂರಿನಿಂದ ತಿಪಟೂರಿನ ಕಡೆಗೆ ಹೊರಟರೆ ಗುಬ್ಬಿ ದಾಟಿದ ಮೇಲೆ ನಿಟ್ಟೂರು ಸಿಗುತ್ತದೆ. ಅಲ್ಲಿ ಹೊಯ್ಸಳರ ಕಾಲದ ಜೈನ ಬಸದಿಯಿದೆ. ಗುಬ್ಬಿಯಲ್ಲಿ ಚನ್ನಬಸವೇಶ್ವರನ ಗುಡಿಯಿದೆ. ಹದಿನಾರನೇ ಶತಮಾನದಲ್ಲಿ ವೀರಶೈವ ಕಾವ್ಯಗಳನ್ನು ಬರೆದ ಗುಬ್ಬಿ ಮಲ್ಲಣಾರ್ಯ ಈ ಊರಿನವನು. ಊರಿನ ಹೆಸರನ್ನು ನಾಡಿನಾದ್ಯಂತ ಕೊಂಡೊಯ್ದ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದೂ ಇಲ್ಲೇ. ಹೊಸ ಮತ, ಹೊಸ ಮಾತು, ಹೊಸ ಜನ ಬಂದು ಹೋಗುವುದು ಈ ಸೀಮೆಗೆ ಹೊಸದೇನೂ ಆಗಿರಲಿಲ್ಲ. ಇದೇ ನೆಲಕ್ಕೆ 1837ರಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಬಂದು ನೆಲೆ ನಿಂತ ಸಂಗತಿ ಮಾತ್ರ ನಮ್ಮ ಸ್ಥಳೀಯ ಚರಿತ್ರೆಯ ಪುಸ್ತಕಗಳಲ್ಲಿ ಒಂದೆರಡು ಸಾಲು ದಾಟುವುದಿಲ್ಲ.

ವೆಸ್ಲಿಯನ್ನರು ಅದಕ್ಕೂ ಮುಂಚೆ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದರು. ಅಲ್ಲಿ ಅವರ ಕೆಲಸ ನಡೆಯುತ್ತಿದ್ದುದು ಹೆಚ್ಚಾಗಿ ತಮಿಳರ ನಡುವೆ. ಕನ್ನಡದ ಹಳ್ಳಿಗಳನ್ನು ತಲುಪಬೇಕೆಂದರೆ ಹಳ್ಳಿಗಳ ನಡುವೆಯೇ ಬದುಕಬೇಕೆಂದು ಥಾಮಸ್ ಹಾಡ್ಸನ್ ಎಂಬ ಮಿಷನರಿ ಗುಬ್ಬಿಯನ್ನು ಆರಿಸಿಕೊಂಡರು. ಆಯ್ಕೆಗೆ ಕಾರಣ ಸ್ಪಷ್ಟ. ಗುಬ್ಬಿಯ ವಾರದ ಸಂತೆ ದೊಡ್ಡದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಈ ಊರಿನ ವ್ಯಾಪಾರವನ್ನು ವಿಶೇಷವಾಗಿ ಗಮನಿಸಿದ್ದ. ಅಡಿಕೆ, ಕೊಬ್ಬರಿ, ಬಟ್ಟೆಗಾಗಿ ಸುತ್ತಮುತ್ತಲ ಜನರೆಲ್ಲ ಬಂದು ಸೇರುವ ಜಾಗದಲ್ಲಿ ಮಾತನಾಡಲು ಬೇರೆ ವೇದಿಕೆ ಬೇಕಿರಲಿಲ್ಲ.

1839ರಲ್ಲಿ ಐರ್ಲೆಂಡಿನ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಯುವಕ ಹಾಡ್ಸನ್ನರ ಜೊತೆಗೂಡಿದ. ಆರೋಗ್ಯ ಕೆಟ್ಟು 1841ರಲ್ಲೇ ಹಿಂದಿರುಗಿದ. ಎರಡು ವರ್ಷದ ಈ ಅನುಭವವನ್ನೇ ಆಧರಿಸಿ 1847ರಲ್ಲಿ ಅವನು ಮೈಸೂರು ಮಿಷನ್ ಕುರಿತ ಪುಸ್ತಕ ಪ್ರಕಟಿಸಿದ. ಅದರಲ್ಲಿ ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ತೀರ್ಪು ಕೊಡುವ ಆತುರ ಬೇಕಾದಷ್ಟಿದೆ. ಅದನ್ನು ಬದಿಗಿಟ್ಟು ನೋಡಿದರೆ ಆ ಕಾಲದ ಹಳ್ಳಿಯ ಬದುಕಿನ ವಿವರಗಳೂ ಸಿಗುತ್ತವೆ. ಇಂಥ ಪುಸ್ತಕಗಳನ್ನು ಪೂರ್ತಿ ನಂಬುವುದೂ ತಪ್ಪು, ಪೂರ್ತಿ ತಳ್ಳಿಹಾಕುವುದೂ ತಪ್ಪು.

ಮಿಷನ್ ಇಲ್ಲಿ ಪಡೆದದ್ದೇನು? ಅನುಯಾಯಿಗಳ ಲೆಕ್ಕದಲ್ಲಿ ಹೇಳುವುದಾದರೆ ಬಹಳ ಕಡಿಮೆ. 2011ರ ಜನಗಣತಿಯಲ್ಲೂ ತುಮಕೂರು ಜಿಲ್ಲೆಯ ಕ್ರೈಸ್ತರ ಪ್ರಮಾಣ ನೂರಕ್ಕೆ ಒಂದನ್ನು ಮುಟ್ಟಿರಲಿಲ್ಲ. ಆದರೆ ಹಾಡ್ಸನ್ ಗುಬ್ಬಿಯಂಥ ಊರುಗಳಲ್ಲಿ ವರ್ಷಗಟ್ಟಲೆ ಕನ್ನಡ ಕಲಿತರು. 1859ರಲ್ಲಿ ಅವರ ಕನ್ನಡ ವ್ಯಾಕರಣ ಬೆಂಗಳೂರಿನಲ್ಲಿ ಅಚ್ಚಾಯಿತು. ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಬೈಬಲ್ಲಿನ ಭಾಗಗಳಷ್ಟೇ ಅಲ್ಲ, ಜಾನ್ ಗ್ಯಾರೆಟ್ ಸಿದ್ಧಪಡಿಸಿದ ಭಗವದ್ಗೀತೆಯೂ 1849ರಲ್ಲಿ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿ ಬಂತು. ಜನರನ್ನು ಬದಲಿಸಲು ಬಂದವರು ಮೊದಲು ಜನರ ಭಾಷೆಗೆ ತಲೆಬಾಗಬೇಕಾಯಿತು.

ಹಾಗಾದರೆ ಬದಲಾದ ಆ ಕೆಲವರ ಗತಿಯೇನು? ನಮಗೆ ಮುಖ್ಯವೆನಿಸುವ ಪ್ರಶ್ನೆ ಇದು. 1877ರಲ್ಲಿ ಹಾಡ್ಸನ್ ಇನ್ನೊಂದು ಪುಸ್ತಕ ಬರೆದರು. ಅದು ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾದ, ಡೇನಿಯಲ್ ಎಂಬ ಹೊಸ ಹೆಸರು ಪಡೆದ ಒಬ್ಬ ಹಳ್ಳಿಯವನ ಕಥೆ. ಅಂಥವನ ಮುಂದೆ ಇದ್ದ ದಾರಿ ಸುಲಭದ್ದಲ್ಲ. ಕುಲದವರು ಹೊರಗಿಟ್ಟರೆ ಊಟ, ನೀರು, ಹೆಣ್ಣು ಕೊಡುವುದು ತರುವುದು ಎಲ್ಲವೂ ನಿಂತುಹೋಗುವ ಕಾಲ ಅದು. ಮತ ಬದಲಿಸಿದವನ ಪಿತ್ರಾರ್ಜಿತದ ಹಕ್ಕು ಉಳಿಯಬೇಕೆಂದು 1850ರಲ್ಲಿ ಕಂಪನಿ ಸರ್ಕಾರ ಕಾಯ್ದೆ ತಂದಿತಾದರೂ ಅದು ಬ್ರಿಟಿಷ್ ಇಂಡಿಯಾಕ್ಕೆ. ಮೈಸೂರನ್ನು ಆಗ ಬ್ರಿಟಿಷ್ ಕಮಿಷನರು ಆಳುತ್ತಿದ್ದರೂ ಅದು ಸಂಸ್ಥಾನವೇ. ಗುಬ್ಬಿಯ ರೈತನೊಬ್ಬ ನಂಬಿಕೆ ಬದಲಿಸುವಾಗ ಪಣಕ್ಕಿಡುತ್ತಿದ್ದುದು ಹೊಲ, ಮನೆ, ಹೆಂಡತಿ ಮಕ್ಕಳನ್ನು. ಹೀಗೆ ಎಲ್ಲವನ್ನೂ ಕಳೆದುಕೊಳ್ಳಲು ಸಿದ್ಧನಾದವನನ್ನು ಆಮಿಷಕ್ಕೆ ಬಿದ್ದವನೆಂದು ಕರೆಯುವುದು ಹೇಗೆ?

ಆದರೆ ಆ ಪುಸ್ತಕ ಬಂದ ವರ್ಷವೇ ಬೇರೊಂದು ಮಾತನ್ನೂ ಹೇಳುತ್ತದೆ. 1876ರಿಂದ 78ರವರೆಗೆ ಮೈಸೂರನ್ನು ಘೋರ ಕ್ಷಾಮ ಕಾಡಿತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿತ್ತು. ತಂದೆ ತಾಯಿ ಸತ್ತು ಬೀದಿಗೆ ಬಿದ್ದ ಮಕ್ಕಳಿಗಾಗಿ ವೆಸ್ಲಿಯನ್ನರು ತುಮಕೂರಿನಲ್ಲಿ ಹುಡುಗರ, ಹಾಸನದಲ್ಲಿ ಹುಡುಗಿಯರ ಅನಾಥಾಲಯ ತೆರೆದರು. ತುಮಕೂರಿನ ಹುಡುಗರಿಗೆ ಕೈಕೆಲಸ ಕಲಿಸಿದರು. ಅಲ್ಲಿ ಬೆಳೆದ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು. ಡೇನಿಯಲ್‌ಗೆ ಇದ್ದ ಆಯ್ಕೆ ಈ ಮಕ್ಕಳಿಗಿರಲಿಲ್ಲ. ಹಾಗೆಂದು ಆ ಬಾಗಿಲು ಮುಚ್ಚಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರು? ಅವರ ಧರ್ಮ ಹೋಯಿತೆಂದು ಮರುಗುವವರು, ಅವರಿಗೆ ಗಂಜಿ ಕೊಡಲು ಆಗ ಊರಿನಲ್ಲಿ ಯಾರು ಮುಂದೆ ಬಂದಿದ್ದರೆಂದೂ ಕೇಳಿಕೊಳ್ಳಬೇಕು. ಈ ಮಾತನ್ನು ನಾವು ಯಾವುದೇ ಒಂದು ಸಮುದಾಯಕ್ಕೆ ಹೇಳುತ್ತಿಲ್ಲ.

ಇದೇ ಕಾಲದಲ್ಲಿ ಅಮೆರಿಕದಲ್ಲಿ ನವಾಹೋ ಎಂಬ ಮೂಲನಿವಾಸಿಗಳ ನಡುವೆ ನಡೆದದ್ದನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. 1864ರಲ್ಲಿ ಸೈನ್ಯ ಅವರನ್ನು ಸ್ವಂತ ನೆಲದಿಂದ ನೂರಾರು ಮೈಲಿ ನಡೆಸಿಕೊಂಡು ಹೋಯಿತು. 1868ರ ಒಪ್ಪಂದದಂತೆ ನೆಲ ವಾಪಸು ಸಿಕ್ಕಿತು, ಜೊತೆಗೆ 6ರಿಂದ 16 ವರ್ಷದ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕೆಂಬ ಷರತ್ತೂ ಬಂತು. ಮೂಲನಿವಾಸಿಗಳ ಮೀಸಲು ಪ್ರದೇಶಗಳನ್ನು ಸರ್ಕಾರವೇ ಬೇರೆ ಬೇರೆ ಚರ್ಚುಗಳಿಗೆ ಹಂಚಿತು. ನವಾಹೋಗಳು ಪ್ರೆಸ್ಬಿಟೇರಿಯನ್ನರ ಪಾಲಿಗೆ ಬಂದರು. ವಸತಿ ಶಾಲೆಗಳಲ್ಲಿ ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಆಡಿದರೆ ಶಿಕ್ಷಿಸಿದರು. ಮುಂದೆ ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಗೆ ಬಿಡಿಸಲಾಗದ ಗುಪ್ತಸಂಕೇತಕ್ಕಾಗಿ ಅದೇ ಸರ್ಕಾರ ಅದೇ ಭಾಷೆಯ ಮೊರೆಹೋದದ್ದು ಚರಿತ್ರೆಯ ಕುಚೋದ್ಯ. ಆ ವಸತಿ ಶಾಲೆಗಳಿಗಾಗಿ ಅಮೆರಿಕದ ಅಧ್ಯಕ್ಷರು ಕ್ಷಮೆ ಕೇಳಿದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯೂ ಭಾಷೆ ಕಲಿತ ಪಾದ್ರಿಗಳಿಲ್ಲದಿರಲಿಲ್ಲ. 1898ರಲ್ಲಿ ಅರಿಜೋನಕ್ಕೆ ಬಂದ ಫ್ರಾನ್ಸಿಸ್ಕನ್ನರು 1910ರಲ್ಲಿ ನವಾಹೋ ನಿಘಂಟನ್ನು ಪ್ರಕಟಿಸಿದರು.

ಗುಬ್ಬಿಯ ಮಿಷನರಿಯ ಕೈಯಲ್ಲಿ ಅಂಥ ಷರತ್ತಾಗಲೀ ಹಿಂದೆ ಸೈನ್ಯವಾಗಲೀ ಇರಲಿಲ್ಲ. ಆಳುವವರು ತನ್ನ ಬಣ್ಣದವರೇ ಎಂಬ ಬಲವಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೂ ಸಂತೆಯಲ್ಲಿ ನಿಂತು ಮಾತನಾಡಿದರೆ ಕೇಳುವವರು ಕೇಳುತ್ತಿದ್ದರು, ಬೇಡವಾದವರು ಚೀಲ ಹೆಗಲಿಗೇರಿಸಿ ಹೋಗುತ್ತಿದ್ದರು. ಬಹುಪಾಲು ಜನ ಹಾಗೆ ಹೋದರು ಎಂಬುದನ್ನೇ ಜನಗಣತಿ ತೋರಿಸುತ್ತದೆ.

1947ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಭಾರತ ಸಭೆ ರಚನೆಯಾದಾಗ ವೆಸ್ಲಿಯನ್ನರ ಸಭೆಗಳು ಅದರಲ್ಲಿ ಸೇರಿಹೋದವು. ತುಮಕೂರಿನಲ್ಲಿದ್ದ ಕನ್ನಡ ದೇವಜ್ಞಾನ ಶಾಲೆ 1965ರಲ್ಲಿ ಮಂಗಳೂರಿನ ಶಾಲೆಯೊಂದಿಗೆ ಒಂದಾಯಿತು. 2008ರ ಸೆಪ್ಟೆಂಬರ್‌ನಲ್ಲಿ ಅದೇ ಮಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ ‘ಬಲವಂತದ ಮತಾಂತರ’ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಹಾಡ್ಸನ್ನರ ಡೇನಿಯಲ್ ಚರಿತ್ರೆ ಹೊರಬಂದು ಆಗ 131 ವರ್ಷವಾಗಿತ್ತು. ಗುಬ್ಬಿಯ ಆ ಮನುಷ್ಯನ ಬದುಕನ್ನು ಹಾಡ್ಸನ್ ಬರೆದದ್ದು ಇಂಗ್ಲಿಷಿನಲ್ಲಿ, ಲಂಡನ್ನಿನ ಓದುಗರಿಗಾಗಿ.