ಉಪ್ಪುನೀರಿನ ಅಕ್ವೇರಿಯಂ: ಬೇಟೆಗಾರ ಬಸವನಹುಳುವನ್ನು ಗುರುತಿಸುವ ಬಗೆ

ಗದಗಿನ ವೀರನಾರಾಯಣನ ಆಯುಧಗಳಲ್ಲೊಂದಾದ ಶಂಖವು ಮೂಲತಃ ಮಾಂಸಾಹಾರಿ ಬಸವನಹುಳುವೊಂದರ ಚಿಪ್ಪು. ಟರ್ಬಿನೆಲ್ಲಾ ಪೈರಮ್ ಎಂಬ ಈ ಜೀವಿ ಕಡಲತಳದ ಮರಳಿನಲ್ಲಿರುವ ಹುಳುಗಳನ್ನು ತಿಂದು ಬದುಕುತ್ತದೆ. ಅಭಿಷೇಕದ ನೀರು ಇಳಿಯುವ ಶಂಖದ ನೀಳ ಕೊಕ್ಕಿನ ಮೂಲಕ, ಜೀವವಿದ್ದಾಗ ಅದು ನಳಿಕೆಯನ್ನು ಚಾಚಿ ನೀರಿನಲ್ಲಿ ಬೇಟೆಯ ವಾಸನೆ ಹಿಡಿಯುತ್ತದೆ. ಅಕ್ವೇರಿಯಂನಲ್ಲಿ ಬೇಟೆಗಾರನನ್ನು ಪತ್ತೆಹಚ್ಚಲು ಈ ಕೊಕ್ಕೇ ಮೊದಲ ಸುಳಿವು.

ಇಂತಹ ಹುಳುಗಳು ಸಾಮಾನ್ಯವಾಗಿ ಲೈವ್ ರಾಕ್ ಎನ್ನುವ ಕಲ್ಲಿನ ಬಿರುಕುಗಳಲ್ಲಿ ಅಡಗಿ ತೊಟ್ಟಿ ಸೇರುತ್ತವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂತಹ ಒಳನಾಡಿನ ಊರುಗಳಲ್ಲಿ ಶುದ್ಧೀಕರಿಸಿದ ನೀರಿಗೆ ಉಪ್ಪಿನ ಮಿಶ್ರಣ ಬೆರೆಸಿಯೇ ಕಡಲನ್ನು ಸೃಷ್ಟಿಸಬೇಕು. ಅಲ್ಲಿ ಸತ್ತ ಜೀವಿಗೆ ಬದಲಿ ತರುವುದು ಸುಲಭವಲ್ಲ. ಬೇಟೆಗಾರನನ್ನು ಉಳಿಸಿಕೊಂಡರೂ, ಪಾಚಿ ಮೇಯುವ ಉಪಕಾರಿ ಹುಳುವನ್ನು ತಪ್ಪಾಗಿ ಕೊಂದರೂ ನಷ್ಟವೇ.

ಚಿಪ್ಪಿನ ಬಾಯಿ

ಚಿಪ್ಪಿನ ಬಾಯಿಯ ಅಂಚು ಅಖಂಡವಾಗಿ ದುಂಡಗಿದ್ದರೆ ಅದು ಬಹುತೇಕ ಸಸ್ಯಾಹಾರಿ; ಟರ್ಬೋ, ಟ್ರೋಕಸ್ ಈ ಗುಂಪಿನವು. ಅಂಚಿನ ಮುಂತುದಿಯಲ್ಲಿ ಕಚ್ಚು ಅಥವಾ ಕೊಕ್ಕು ಇದ್ದರೆ ಅನುಮಾನಿಸಬೇಕು. ಮ್ಯೂರೆಕ್ಸ್, ವೆಲ್ಕ್ ಹಾಗೂ ಹವಳ ತಿನ್ನುವ ಡ್ರುಪೆಲ್ಲಾ ಇದಕ್ಕೆ ನಿದರ್ಶನ.

ಆದರೆ ಇದೊಂದೇ ಲಕ್ಷಣ ಸಾಲದು. ಸೆರಿಥ್ ಮತ್ತು ಸ್ಟ್ರಾಂಬಸ್‌ಗಳಿಗೆ ಕಚ್ಚು ಇದ್ದರೂ ಅವು ಪಾಚಿ, ಕೊಳೆತ ಕಸ ತಿನ್ನುತ್ತವೆ. ನಸ್ಸಾರಿಯಸ್ ಉಳಿದ ಆಹಾರವನ್ನು ತಿಂದು ಮರಳನ್ನು ಶುಚಿಯಾಗಿಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ದುಂಡುಬಾಯಿಯ ನ್ಯಾಟಿಕಾ ಪಕ್ಕಾ ಮಾಂಸಾಹಾರಿ.

ಗಾಯದ ಗುರುತು

ನ್ಯಾಟಿಕಾ ಕೊರೆದ ರಂಧ್ರ ಹೊರಗೆ ಅಗಲವಾಗಿದ್ದು ಒಳಕ್ಕೆ ಕಿರಿದಾಗುತ್ತದೆ. ಮ್ಯೂರೆಕ್ಸ್ ಕೊರೆದದ್ದು ಸಾಮಾನ್ಯವಾಗಿ ನೇರ. ಕಾರವಾರ, ಮುರುಡೇಶ್ವರದ ಮರಳಿನಲ್ಲಿ ದೊರೆಯುವ ಚಿಪ್ಪುಗಳಲ್ಲಿಯೂ ಇಂತಹ ದುಂಡು ತೂತುಗಳನ್ನು ನೋಡಬಹುದು. ಹವಳದ ಮೇಲೆ ಮಾಂಸ ಹೋಗಿ ಬಿಳಿ ಅಸ್ಥಿ ಕಂಡರೆ ಡ್ರುಪೆಲ್ಲಾದ ಶಂಕೆ ಸಹಜ. ಆದರೆ ರೋಗದಿಂದಲೂ ಹೀಗಾಗುವುದುಂಟು. ಕಪ್ಪು-ಬಿಳಿ ಮಚ್ಚೆಯ ಚಪ್ಪಟೆ ಸುರುಳಿಯ ಹೀಲಿಯಾಕಸ್ ಜೋಅಂಥಿಡ್‌ಗಳನ್ನು ತಿನ್ನುತ್ತದೆ. ಅಕ್ಕಿಕಾಳಿನಂತಹ ಬಿಳಿಯ ಪಿರಮಿಡೆಲ್ಲಾ ರಾತ್ರಿ ಇತರ ಮೃದ್ವಂಗಿಗಳಿಗೆ ಅಂಟಿ ರಸ ಹೀರುತ್ತದೆ. ಆದ್ದರಿಂದ ದೀಪ ಆರಿಸಿದ ಒಂದೆರಡು ತಾಸಿನ ನಂತರ ಕೆಂಪು ಬೆಳಕಿನ ಟಾರ್ಚ್‌ನಿಂದ ಪರೀಕ್ಷಿಸುವುದು ಸೂಕ್ತ.

ಎಚ್ಚರಿಕೆ

ಶಂಕುವಿನಾಕಾರದ, ಸೀಳಿನಂತಹ ಉದ್ದ ಬಾಯಿಯ ಕೋನಸ್ ಕಂಡರೆ ಬರಿಗೈಯಿಂದ ಮುಟ್ಟಬಾರದು. ಈ ಗುಂಪಿನ ಕೋನಸ್ ಜಿಯಾಗ್ರಫಸ್‌ನ ವಿಷ ಮನುಷ್ಯನ ಪ್ರಾಣ ತೆಗೆಯಬಲ್ಲದು. ಶಂಕಿತ ಹುಳುವನ್ನು ಇಕ್ಕಳದಿಂದ ತೆಗೆದು ಬೇರೆ ಪಾತ್ರೆಯಲ್ಲಿಟ್ಟು, ಬಾಯಿಯ ಭಾಗದ ಛಾಯಾಚಿತ್ರ ತೆಗೆದ ಮೇಲೆಯೇ ತೀರ್ಮಾನಕ್ಕೆ ಬರಬೇಕು. ತಾಮ್ರದ ಔಷಧ ಹಾಕಿದರೆ ಬೇಟೆಗಾರನೊಡನೆ ಉಪಕಾರಿ ಹುಳುಗಳೂ ಸಾಯುತ್ತವೆ. ಹಿಡಿದದ್ದನ್ನು ಕೆರೆಗಾಗಲಿ ಕಡಲಿಗಾಗಲಿ ಬಿಡಕೂಡದು.

ಕಾನೂನಿನ ಮಾತೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು. ಮುರುಡೇಶ್ವರದಾಚೆಯ ನೇತ್ರಾಣಿಯಂತಹ ತಾಣಗಳಿಂದ ಹವಳ ಕಿತ್ತು ತರುವುದು ಅಪರಾಧ. ತೊಟ್ಟಿಗೆ ಕಲ್ಲು ಕೊಳ್ಳುವ ಮೊದಲೇ ಅದು ಎಲ್ಲಿಂದ ಬಂದಿದೆ ಎಂದು ವಿಚಾರಿಸಿಕೊಳ್ಳುವುದು ಲೇಸು.