ಚೀಟ್‌ಗ್ರಾಸ್: ಉತ್ತರ ಅಮೆರಿಕದ ಪರ್ವತಾಂತರ ಪ್ರದೇಶದಲ್ಲಿ ಹರಡಿದ ಇತಿಹಾಸ

ಚೀಟ್‌ಗ್ರಾಸ್ ಪೋಯೇಸೀ ಕುಟುಂಬಕ್ಕೆ ಸೇರಿದ, ಯೂರೋಪ್, ಉತ್ತರ ಆಫ್ರಿಕ ಮತ್ತು ನೈಋತ್ಯ ಏಷ್ಯ ಮೂಲದ ಏಕವಾರ್ಷಿಕ ಹುಲ್ಲು. ಇದರ ಶಾಸ್ತ್ರೀಯ ನಾಮ ಬ್ರೋಮಸ್ ಟೆಕ್ಟೋರಮ್. ಯೂರೋಪಿನಲ್ಲಿ ಹುಲ್ಲಿನ ಮಾಡುಗಳ ಮೇಲೂ ಬೆಳೆಯುತ್ತಿದ್ದ ಇದಕ್ಕೆ ಲಿನೇಯಸ್ 1753ರಲ್ಲಿ ನೀಡಿದ ಪ್ರಭೇದನಾಮ, ಮಾಡು ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು. ಗೋಧಿ ಹೊಲಗಳಿಗೆ ನುಗ್ಗಿ ಇಳುವರಿ ತಗ್ಗಿಸುವ ಕಾರಣ ವಂಚಕ ಹುಲ್ಲು ಎಂಬರ್ಥದ ಇಂಗ್ಲಿಷ್ ಹೆಸರು ಇದಕ್ಕೆ ಅಂಟಿಕೊಂಡಿದೆ.

ಪೂರ್ವದ ರಾಕಿ ಪರ್ವತಗಳಿಗೂ ಪಶ್ಚಿಮದ ಕ್ಯಾಸ್ಕೇಡ್, ಸಿಯೆರಾ ನೆವಾಡ ಶ್ರೇಣಿಗಳಿಗೂ ನಡುವಿನ ಒಣನೆಲವನ್ನು ಪರ್ವತಾಂತರ ಪ್ರದೇಶವೆನ್ನುತ್ತಾರೆ. ಮಾಚಿಪತ್ರೆಯ ಜಾತಿಗೇ ಸೇರಿದ ಸೇಜ್‌ಬ್ರಷ್ ಪೊದೆಗಳೂ ಗುತ್ತಿಗುತ್ತಿಯಾಗಿ ಬೆಳೆಯುವ ಬಹುವಾರ್ಷಿಕ ಹುಲ್ಲುಗಳೂ ಇಲ್ಲಿನ ಮೂಲ ಸಸ್ಯವರ್ಗ. ಇವುಗಳ ನಡುವಣ ಬಯಲು ಮಣ್ಣನ್ನು ಪಾಚಿ ಮತ್ತು ಕಲ್ಲುಹೂಗಳ ತೆಳು ಹೊದಿಕೆ ಹಿಡಿದಿಡುತ್ತಿತ್ತು. ರಾಕಿ ಪರ್ವತಗಳ ಪೂರ್ವದ ಬಯಲುಗಳಲ್ಲಿದ್ದಂತೆ ಕಾಡೆಮ್ಮೆಗಳ ದೊಡ್ಡ ಹಿಂಡುಗಳು ಇಲ್ಲಿರಲಿಲ್ಲವಾದ್ದರಿಂದ ಈ ಹುಲ್ಲುಗಳಿಗೆ ಗೊರಸಿನ ತುಳಿತ ತಾಳುವ ಶಕ್ತಿ ಕಡಿಮೆಯಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ವಲಸೆಗಾರರ ದನ, ಕುರಿಗಳು ಮಿತಿಮೀರಿ ಮೇಯತೊಡಗಿದಾಗ ಗುತ್ತಿಹುಲ್ಲು ಸವೆದು, ಮಣ್ಣಿನ ಹೊದಿಕೆ ಒಡೆದು, ಹೊಸ ಕಳೆಗೆ ನೆಲ ಹದವಾಯಿತು.

ಬಿತ್ತನೆ ಗೋಧಿಯಲ್ಲಿ ಬೆರೆತು ಬಂದ ಚೀಟ್‌ಗ್ರಾಸ್ 1889ರಲ್ಲಿ ಬ್ರಿಟಿಷ್ ಕೊಲಂಬಿಯದಲ್ಲೂ 1893ರಲ್ಲಿ ವಾಷಿಂಗ್‌ಟನ್ ರಾಜ್ಯದಲ್ಲೂ 1894ರಲ್ಲಿ ಯೂಟಾದಲ್ಲೂ ದಾಖಲಾಯಿತು. ರೈಲುಮಾರ್ಗಗಳ ಇಕ್ಕೆಲಗಳಲ್ಲಿ ನೆಲೆಯೂರಿ ಅಲ್ಲಿಂದ ಮೇವುಮಾಳಗಳಿಗೆ ದಾಟಿತು. ಕಾಳಿನ ತುದಿಯ ಒರಟು ಊಬು ಕುರಿಯ ಉಣ್ಣೆಗೂ ನಡೆದಾಡುವವರ ಕಾಲುಚೀಲಕ್ಕೂ ಸಿಕ್ಕಿಕೊಂಡು ದೂರದೂರ ಸಾಗುತ್ತಿತ್ತು. ಸುಮಾರು 1930ರ ಹೊತ್ತಿಗೆ, ಅಂದರೆ ನಾಲ್ಕೇ ದಶಕಗಳಲ್ಲಿ, ಹುಲ್ಲು ತನ್ನ ಇಂದಿನ ವ್ಯಾಪ್ತಿಯ ಬಹುಭಾಗವನ್ನು ಆವರಿಸಿತ್ತು.

ಈ ಹುಲ್ಲಿನ ಬಲವೆಲ್ಲ ಅದರ ಕಾಲಕ್ರಮದಲ್ಲಿದೆ. ಶರತ್ಕಾಲದಲ್ಲಿ ಮೊಳೆತು ಚಳಿಗಾಲದಲ್ಲೇ ಬೇರಿಳಿಸುವ ಇದು, ದೇಶೀಯ ಹುಲ್ಲುಗಳು ಚಿಗುರುವ ಮೊದಲೇ ಮಣ್ಣಿನ ತೇವವನ್ನು ಹೀರಿ, ವಸಂತದ ಕೊನೆಗೆ ಕಾಳು ಕಟ್ಟಿ, ಹಸಿರಿನಿಂದ ಕೆನ್ನೇರಳೆಗೂ ಅಲ್ಲಿಂದ ಒಣಹುಲ್ಲಿನ ಬಣ್ಣಕ್ಕೂ ತಿರುಗುತ್ತದೆ. ಪೊದೆಗಳ ನಡುವೆ ಹಿಂದೆ ಬರಿದಾಗಿದ್ದ ನೆಲ ಬೇಸಿಗೆಯುದ್ದಕ್ಕೂ ಬೆಂಕಿ ದಾಟಿಸುವ ಹಾಸಾಗುತ್ತದೆ. ಸುಟ್ಟ ಸೇಜ್‌ಬ್ರಷ್ ಬುಡದಿಂದ ಮತ್ತೆ ಚಿಗುರುವುದಿಲ್ಲ. ಚೀಟ್‌ಗ್ರಾಸಾದರೋ ಮಣ್ಣಿನಲ್ಲಿ ಉಳಿದ ಬೀಜಗಳಿಂದ ಮರುವರ್ಷವೇ ಏಳುತ್ತದೆ. ಐಡಹೊದ ಸ್ನೇಕ್ ನದಿ ಬಯಲಿನಲ್ಲಿ ಹಿಂದೆ 60ರಿಂದ 110 ವರ್ಷಗಳಿಗೊಮ್ಮೆ ಬೀಳುತ್ತಿದ್ದ ಕಾಡುಕಿಚ್ಚು ಹಲವೆಡೆ ಐದು ವರ್ಷಕ್ಕೂ ಕಡಿಮೆ ಅವಧಿಗೆ ಮರುಕಳಿಸತೊಡಗಿದೆಯೆಂದು 1990ರ ಅಧ್ಯಯನವೊಂದು ತಿಳಿಸಿತು. ಸೇಜ್‌ಬ್ರಷ್ಷನ್ನೇ ಆಶ್ರಯಿಸಿದ ಸೇಜ್ ಗ್ರೌಸ್ ಎಂಬ ನೆಲಹಕ್ಕಿಯ ನೆಲೆಯೂ ಇದರಿಂದ ಕುಗ್ಗಿದೆ.

ಪರಿಹಾರದ ಹಾದಿಯೂ ಸರಳವಾಗಿಲ್ಲ. ವಸಂತದ ಕೆಲವು ವಾರ ಎಳೆಹುಲ್ಲು ದನಗಳಿಗೆ ಒಳ್ಳೆಯ ಮೇವಾದ್ದರಿಂದ ಹುಲ್ಲುಗಾವಲಿನ ಒಡೆಯರಿಗೆ ಇದು ಪೂರ್ಣ ಶತ್ರುವಲ್ಲ. 20ನೆಯ ಶತಮಾನದ ಮಧ್ಯಭಾಗದಲ್ಲಿ ಇದಕ್ಕೆ ಎದುರಾಗಿ ವಿಶಾಲ ಪ್ರದೇಶಗಳಲ್ಲಿ ಬಿತ್ತಿದ ಕ್ರೆಸ್ಟೆಡ್ ವೀಟ್‌ಗ್ರಾಸ್ ಕೂಡ ಏಷ್ಯದಿಂದ ತಂದ ಪರಕೀಯ ಹುಲ್ಲೇ. ಮೊಳಕೆಗೆ ಮುನ್ನ ಕಳೆನಾಶಕ ಸಿಂಪಡಿಸಿ ದೇಶೀಯ ಬೀಜ ಬಿತ್ತುವ ಕ್ರಮ ಈಗ ರೂಢಿಯಲ್ಲಿದೆಯಾದರೂ, ಮಳೆ ಕಡಿಮೆಯಿರುವ ತಗ್ಗುನೆಲಗಳಲ್ಲಿ ಸಸಿಗಳು ಬೇರೂರುವುದೇ ಕಷ್ಟ. ತಂಪಾದ ಎತ್ತರದ ಇಳಿಜಾರುಗಳಲ್ಲಿ ಗುತ್ತಿಹುಲ್ಲು ದಟ್ಟವಾಗಿ ಉಳಿದೆಡೆ ಮಾತ್ರ ಚೀಟ್‌ಗ್ರಾಸಿಗೆ ಸುಲಭವಾಗಿ ಎಡೆ ಸಿಗುವುದಿಲ್ಲ.